ಕಾಮ್ರೇಡ್ಸ್ ಓಟದ ಮೊದಮೊದಲ ವರ್ಷಗಳು, ಆಗಿನ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಮ್ರೇಡ್ಸ್ ಅಂದರೆ ಯಾವ ಓಟ?

ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮಾರಿಟ್ಜ್‌ಬರ್ಗ್ ನಡುವೆ ವರ್ಷಕ್ಕೊಮ್ಮೆ ನಡೆಯುವ ಓಟ. ಹೆಸರಿನಲ್ಲಿ ಮ್ಯಾರಥಾನ್ ಎಂದಿದ್ದರೂ ದೂರ ಎರಡು ಮ್ಯಾರಥಾನ್ ಸೇರಿಸಿದರೂ ಸಾಲದಷ್ಟು, ಸುಮಾರು 90 ಕಿ.ಮೀ. ಡರ್ಬನ್ ಇರುವುದು ಕಡಲ ದಂಡೆಯಲ್ಲಿ, ಪೀಟರ್‌ಮಾರಿಟ್ಜ್‌ಬರ್ಗ್ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಸಾಮಾನ್ಯವಾಗಿ ಒಂದು ವರ್ಷ ಕಡಲಿನಿಂದ ಮೇಲಕ್ಕೆ ಓಡಿದರೆ ಮುಂದಿನ ವರ್ಷ ಮೇಲಿನಿಂದ ಕಡಲಿಗೆ ಇಳಿಯುತ್ತಾರೆ. ಇಳಿಯುವ ವರ್ಷ ಸುಲಭ ಎಂದುಕೊಳ್ಳಬೇಡಿ. ನಡುವೆ ಏರುವ ಗುಡ್ಡಗಳೇನೂ ಕಡಿಮೆಯಿಲ್ಲ, ಜೊತೆಗೆ ಕೊನೆಯ ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಹಿಂಡಿ ಹಿಪ್ಪೆಯಾಗುತ್ತವೆ.

ಬೆಂಗಳೂರಿನಿಂದಲೂ ಈಗ ಜನ ಹೋಗಿ ಓಡಿ ಬರುತ್ತಾರೆ. ತರಬೇತಿ, ಬೂಟು, ವೀಸಾ ಬಗ್ಗೆ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಈ ಓಟವನ್ನು ಕಟ್ಟಿದವರ ಬಗ್ಗೆ ಕನ್ನಡದಲ್ಲಿ ಸಿಗುವುದು ಕಡಿಮೆ. ಅದಕ್ಕಾಗಿ ಈ ಪುಟ.

ಶುರು ಮಾಡಿದ್ದು ಯಾರು? ದೊಡ್ಡ ಓಟಗಾರರೇ?

ಅಲ್ಲ. ರೈಲ್ವೆ ಎಂಜಿನ್ ಡ್ರೈವರ್ ಒಬ್ಬರು. ಹೆಸರು ವಿಕ್ ಕ್ಲಾಪಮ್. 1886ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ದಕ್ಷಿಣ ಆಫ್ರಿಕಾಕ್ಕೆ ಬಂದವರು. ಬ್ರಿಟಿಷರಿಗೂ ಅಲ್ಲಿನ ಡಚ್ ಮೂಲದ ಬೋಯರ್ ಜನರಿಗೂ ನಡೆದ ಬೋಯರ್ ಯುದ್ಧ ಶುರುವಾದಾಗ ಇನ್ನೂ ಹದಿಮೂರರ ಹುಡುಗ; ಆಗಲೇ ಗಾಯಾಳುಗಳನ್ನು ಸಾಗಿಸುವ ಕೆಲಸಕ್ಕೆ ಸೇರಿದ್ದರು. ಮುಂದೆ ರೈಲ್ವೆ ನೌಕರಿ. ಮೊದಲ ಮಹಾಯುದ್ಧ ಬಂದಾಗ ದಕ್ಷಿಣ ಆಫ್ರಿಕಾದ 8ನೇ ಪದಾತಿ ದಳಕ್ಕೆ ಸೇರಿ ಜರ್ಮನ್ ಪೂರ್ವ ಆಫ್ರಿಕಾಕ್ಕೆ, ಅಂದರೆ ಇಂದಿನ ಟಾಂಜಾನಿಯಾದ ಕಡೆಗೆ, ಹೋದರು. ಜರ್ಮನ್ ಸೇನಾಪತಿ ಲೆಟ್ಟೋ-ವೋರ್ಬೆಕ್ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಲೇ ಇದ್ದ. ಅವನ ಬೆನ್ನು ಹತ್ತಿ ಇವರ ದಳ ಕಾಡು, ಕೆಸರು, ಬಿಸಿಲಲ್ಲಿ 2,700 ಕಿ.ಮೀ.ಗೂ ಹೆಚ್ಚು ದೂರ ನಡೆಯಿತು.

ಅಲ್ಲಿ ಸತ್ತವರು ಗುಂಡೇಟಿಗಿಂತ ಜ್ವರ, ಭೇದಿ, ಹಸಿವಿಗೇ ಹೆಚ್ಚು. ಊರಿಗೆ ಮರಳಿದ ಕ್ಲಾಪಮ್ ಅವರಿಗೆ ಸತ್ತ ಗೆಳೆಯರ ನೆನಪಿಗೆ ಏನಾದರೂ ಮಾಡಬೇಕು ಅನ್ನಿಸಿತು. ಕಲ್ಲಿನ ಸ್ಮಾರಕ ಸಾಲದು, ಬದುಕಿರುವವರು ಮೈ ದಂಡಿಸಿ ನೆನೆಯುವಂಥದ್ದು ಬೇಕು ಎಂಬುದು ಅವರ ಹಟ. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್‌ವರೆಗೆ ನಡೆಯುವ ಸ್ಪರ್ಧೆ ಇತ್ತು. ಅದು ಅವರ ತಲೆಯಲ್ಲಿ ಕೂತಿತ್ತು.

ಮಹಾಯುದ್ಧದ ಮಾಜಿ ಸೈನಿಕರ ಸಂಘದ ಮುಂದೆ ವಿಷಯ ಇಟ್ಟರು. ಹುಚ್ಚು ಯೋಚನೆ ಎಂದು 1919ರಲ್ಲಿ ಒಲ್ಲೆ ಅಂದರು, 1920ರಲ್ಲೂ ಒಲ್ಲೆ ಅಂದರು. ಕ್ಲಾಪಮ್ ಬಿಡಲಿಲ್ಲ. ಆಫೀಸು ಅಂಗಡಿಗಳಲ್ಲಿ ಕೂತು ಕೆಲಸ ಮಾಡುತ್ತಿದ್ದವರನ್ನು ಎಬ್ಬಿಸಿ, ಕೈಗೆ ಬಂದೂಕು, ಬೆನ್ನಿಗೆ ಅರವತ್ತು ಪೌಂಡಿನ ಮೂಟೆ ಕೊಟ್ಟು ಅರ್ಧ ಆಫ್ರಿಕಾ ನಡೆಸಲು ಸಾಧ್ಯವಾಗಿದ್ದರೆ, ಪಳಗಿದ ಓಟಗಾರನಿಗೆ ಈ ದೂರ ಯಾಕೆ ಆಗದು ಎಂಬುದು ಅವರ ವಾದ. 1921ರಲ್ಲಿ ಸಂಘ ಒಪ್ಪಿತು. ಖರ್ಚಿಗೆ ಒಂದು ಪೌಂಡ್ ಕೊಟ್ಟಿತು, ಅದೂ ವಾಪಸು ಕೊಡಬೇಕೆಂಬ ಷರತ್ತಿನ ಮೇಲೆ.

ಆ ಯುದ್ಧಕ್ಕೂ ನಮ್ಮ ಕಡೆಗೂ ಏನಾದರೂ ಸಂಬಂಧ ಇದೆಯೇ?

ಇದೆ, ಮತ್ತು ಇದನ್ನು ಹೇಳಲೇಬೇಕು. ದಕ್ಷಿಣ ಆಫ್ರಿಕಾದ ದಂಡು ಅಲ್ಲಿಗೆ ಬರುವ ಮೊದಲೇ, 1914ರ ನವೆಂಬರಿನಲ್ಲಿ, ಟಾಂಗಾ ಬಂದರಿನಲ್ಲಿ ಹಡಗಿನಿಂದ ಇಳಿದು ಜರ್ಮನರ ಎದುರು ಭಾರಿ ಪೆಟ್ಟು ತಿಂದ ಪಡೆ ಭಾರತದಿಂದ ಹೋದದ್ದು. ಅದರ ಒಂದು ಬ್ರಿಗೇಡಿಗೆ ಬೆಂಗಳೂರು ಬ್ರಿಗೇಡ್ ಎಂದೇ ಹೆಸರು. ಎದುರಿಗಿದ್ದ ಸೇನಾಪತಿ ಇದೇ ಲೆಟ್ಟೋ-ವೋರ್ಬೆಕ್.

ಇವರಿಗಿಂತ ಹೆಚ್ಚು ಸತ್ತವರು ಸಾಮಾನು ಹೊರುತ್ತಿದ್ದ ಆಫ್ರಿಕನ್ ಕೂಲಿಗಳು. ಕುದುರೆ, ಎತ್ತು ನೊಣದ ರೋಗಕ್ಕೆ ಬೀಳುತ್ತಿದ್ದ ಆ ಸೀಮೆಯಲ್ಲಿ ಮದ್ದುಗುಂಡು, ಹಿಟ್ಟು ಎಲ್ಲವೂ ಸಾಗಿದ್ದು ಅವರ ತಲೆಯ ಮೇಲೆ. ಹತ್ತಾರು ಸಾವಿರ ಜನ ಹಾಗೇ ಸತ್ತರು. ಗೆಳೆಯರ ನೆನಪಿಗೆಂದು ಹುಟ್ಟಿದ ಓಟದಲ್ಲಿ ಅವರ ಮಕ್ಕಳು ಮೊಮ್ಮಕ್ಕಳಿಗೆ ಓಡುವ ಹಕ್ಕು ಬರಲು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಯಾರು ಕಾಮ್ರೇಡ್, ಅಂದರೆ ಒಡನಾಡಿ, ಯಾರು ಅಲ್ಲ ಅನ್ನುವ ಪ್ರಶ್ನೆ ಈ ಓಟದ ಹುಟ್ಟಿನಿಂದಲೇ ಜೊತೆಗಿತ್ತು. ಕೆಳಗಿನ ಕಥೆಗಳನ್ನು ಓದುವಾಗ ಅದು ನೆನಪಿರಲಿ.

ಮೊದಲ ಓಟ ಹೇಗೆ ನಡೆಯಿತು?

1921ರ ಮೇ 24ರಂದು, ಪೀಟರ್‌ಮಾರಿಟ್ಜ್‌ಬರ್ಗ್ ಪುರಭವನದ ಮುಂದಿನಿಂದ. ಹೊರಟವರು 34 ಮಂದಿ, ಡರ್ಬನ್ ಮುಟ್ಟಿದವರು 16. ಸಮಯದ ಮಿತಿ 12 ಗಂಟೆ. ದಾರಿಯ ಬಹುಪಾಲು ಟಾರು ಕಾಣದ ಮಣ್ಣುರಸ್ತೆ. ಈಗಿನಂತೆ ಎರಡು ಕಿಲೋಮೀಟರಿಗೊಮ್ಮೆ ನೀರು ಕೊಡುವ ವ್ಯವಸ್ಥೆ ಎಲ್ಲಿಂದ ಬರಬೇಕು! ನೀರು, ತಿಂಡಿ ಹಿಡಿದು ಜೊತೆಗೆ ಬರುವವರನ್ನು ಓಟಗಾರರೇ ಗೊತ್ತು ಮಾಡಿಕೊಳ್ಳಬೇಕಿತ್ತು.

ಗೆದ್ದವರು ಬಿಲ್ ರೋವನ್, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಪ್ರಾಂತ್ಯದ ಒಬ್ಬ ರೈತ. ಹಿಡಿದ ಸಮಯ 8 ಗಂಟೆ 59 ನಿಮಿಷ. ಗೆದ್ದ ಗಂಡಸರ ಪಟ್ಟಿಯಲ್ಲಿ ಇದಕ್ಕಿಂತ ನಿಧಾನದ ಸಮಯ ಇಂದಿಗೂ ಇಲ್ಲ. ಎರಡನೆಯವರಾದ ಹ್ಯಾರಿ ಫಿಲಿಪ್ಸ್ ಬಂದದ್ದು ಅವರ ನಂತರ ನಲವತ್ತಕ್ಕೂ ಹೆಚ್ಚು ನಿಮಿಷ ಕಳೆದು. ಈ ಅಂಕಿಗಳನ್ನು ನೋಡಿ ಯಾರೂ ಹಗುರವಾಗಿ ಮಾತಾಡಬಾರದು. ಅಷ್ಟು ದೂರವನ್ನು ಯಾವ ವೇಗದಲ್ಲಿ ಓಡಬೇಕು, ಏನು ತಿನ್ನಬೇಕು, ಎಲ್ಲಿ ನಡೆಯಬೇಕು ಎಂದು ಹೇಳಿಕೊಡುವವರು ಆಗ ಅಲ್ಲಿ ಯಾರೂ ಇರಲಿಲ್ಲ. ಆ 34 ಜನ ಕತ್ತಲಲ್ಲಿ ದಾರಿ ಹುಡುಕಿದವರು.

ರೋವನ್ ಮರುವರ್ಷವೂ ಬೆಲ್ಜಿಯನ್ ಕಾಂಗೋದಿಂದ ಬಂದು ಓಡಿ ಮೂರನೆಯವರಾದರು.

ಆರ್ಥರ್ ನ್ಯೂಟನ್ ಹೆಸರು ಎಲ್ಲರ ಬಾಯಲ್ಲೂ ಯಾಕೆ?

ಅಷ್ಟು ದೂರ ಓಡುವುದನ್ನು ಒಂದು ವಿದ್ಯೆಯಾಗಿ ಮಾಡಿದ ಮೊದಲಿಗರು ಅವರು ಎಂಬ ಕಾರಣಕ್ಕೆ. ಆದರೆ ಅವರು ಓಟಕ್ಕೆ ಬಂದ ಕಾರಣಕ್ಕೂ ಓಟಕ್ಕೂ ಸಂಬಂಧವೇ ಇರಲಿಲ್ಲ.

ನ್ಯೂಟನ್ ಇಂಗ್ಲೆಂಡಿನಲ್ಲಿ ಹುಟ್ಟಿ, ನಟಾಲ್ ಪ್ರಾಂತ್ಯದ ಹಾರ್ಡಿಂಗ್ ಹತ್ತಿರ ಹತ್ತಿ, ಹೊಗೆಸೊಪ್ಪು ಬೆಳೆಯುತ್ತಿದ್ದವರು. ಅವರ ಜಮೀನಿನ ಸುತ್ತಲಿನ ಪ್ರದೇಶವನ್ನು ಸರ್ಕಾರ ಕಪ್ಪು ಜನರ ವಸತಿಗೆ ಎಂದು ಗುರುತಿಸಿತು. ಕೃಷಿ ಕೆಟ್ಟಿತು, ಪರಿಹಾರ ಕೊಡಿ ಎಂದು ಕೇಳಿದರು, ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಅವರಿಗೆ ಹೊಳೆದದ್ದು ಇದು: ಜನ ಆಟಗಾರರ ಮಾತು ಕೇಳುತ್ತಾರೆ, ಪತ್ರಿಕೆಗಳು ಅವರ ಹೆಸರು ಅಚ್ಚು ಹಾಕುತ್ತವೆ, ತಾನೂ ಹೆಸರು ಮಾಡಿದರೆ ತನ್ನ ದೂರಿಗೂ ಒಂದು ಬೆಲೆ ಬಂದೀತು. 1922ರ ಜನವರಿ 1ರಂದು ಓಡಲು ಶುರು ಮಾಡಿದರು. ಮೊದಲ ದಿನ ಎರಡು ಮೈಲಿಗೇ ಸುಸ್ತು. ವಯಸ್ಸು ಮೂವತ್ತೆಂಟು, ಬಾಯಲ್ಲಿ ಪೈಪು ಸೇದುವ ಚಟ.

ಇಪ್ಪತ್ತು ವಾರಗಳ ನಂತರ, ಮೂವತ್ತೊಂಬತ್ತು ತುಂಬಿದ ನಾಲ್ಕನೆಯ ದಿನ, ಡರ್ಬನ್‌ನಲ್ಲಿ 89 ಜನರ ಜೊತೆ ಓಟಕ್ಕೆ ನಿಂತರು. ಆರಂಭದಲ್ಲಿ ಎಲ್ಲರೂ ಮುನ್ನುಗ್ಗುವಾಗ ಇವರು ಹಿಂದೆ ಉಳಿದು, ಗುಡ್ಡ ಏರುತ್ತಾ ಏರುತ್ತಾ ಒಬ್ಬೊಬ್ಬರನ್ನೇ ದಾಟಿ 8 ಗಂಟೆ 40 ನಿಮಿಷದಲ್ಲಿ ಗೆದ್ದರು. ಮರುವರ್ಷ ಡರ್ಬನ್ ಕಡೆಗೆ ಇಳಿಯುವಾಗ ಹಿಡಿದ ಸಮಯ 6 ಗಂಟೆ 56 ನಿಮಿಷ. ಇಷ್ಟು ಬೇಗ ಯಾರಾದರೂ ಬಂದಾರು ಎಂದು ಯಾರೂ ಎಣಿಸಿರಲಿಲ್ಲ. ಅವರು ಮುಟ್ಟಿದಾಗ ಅಲ್ಲಿ ಇದ್ದವರೇ ಬೆರಳೆಣಿಕೆಯಷ್ಟು ಜನ. 1924, 1925, 1927ರಲ್ಲೂ ಅವರೇ ಗೆದ್ದರು. 1925ರ ಸಮಯ 6 ಗಂಟೆ 24 ನಿಮಿಷಕ್ಕೆ ಇಳಿದಿತ್ತು. 1926ರಲ್ಲಿ ಮಾತ್ರ ಎರಡನೆಯವರಾದರು. ಆ ವರ್ಷ ಗೆದ್ದದ್ದು ಮೊದಲ ಓಟದಲ್ಲಿ ಎರಡನೆಯವರಾಗಿದ್ದ ಅದೇ ಹ್ಯಾರಿ ಫಿಲಿಪ್ಸ್.

ಅವರ ವಿಧಾನ ಸರಳ: ದಿನಾ ಓಡು, ತುಂಬಾ ದೂರ ಓಡು, ಉಸಿರು ಕಟ್ಟುವಷ್ಟು ವೇಗ ಬೇಡ. ಆ ಕಾಲದ ತರಬೇತುದಾರರು ಓಟಗಾರನಿಗೆ ವಾರದಲ್ಲಿ ಕೆಲವೇ ಮೈಲಿ ಸಾಕು, ಹೆಚ್ಚಾದರೆ ದೇಹ ಸವೆಯುತ್ತದೆ ಎನ್ನುತ್ತಿದ್ದರು. ನ್ಯೂಟನ್ ಒಂದೊಂದು ದಿನ ಇಪ್ಪತ್ತು ಮೈಲಿ ಓಡುತ್ತಿದ್ದರು. ಇಂದು ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ನಿಧಾನವಾಗಿ ಮೂವತ್ತು ಕಿಲೋಮೀಟರ್ ಮುಗಿಸುವವರು ಅನುಸರಿಸುವುದು ಅದೇ ದಾರಿ.

ನ್ಯೂಟನ್ ಅವರಿಗೆ ಕೊನೆಗೆ ನ್ಯಾಯ ಸಿಕ್ಕಿತೇ?

ಹೆಸರು ಸಿಕ್ಕಿತು, ಪರಿಹಾರ ಸಿಗಲಿಲ್ಲ. ಜಮೀನು ಬಿಟ್ಟು ರೊಡೇಶಿಯಾಕ್ಕೆ, ಅಂದರೆ ಇಂದಿನ ಜಿಂಬಾಬ್ವೆಗೆ, ಹೋದರು. 1928ರಲ್ಲಿ ಅಮೆರಿಕವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದಾಟುವ ಓಟಕ್ಕೂ ಇಳಿದು, ಕಾಲು ನೋವಿನಿಂದ ನಡುವೆ ಬಿಟ್ಟರು. ಕೊನೆಯ ವರ್ಷಗಳನ್ನು ಇಂಗ್ಲೆಂಡಿನಲ್ಲಿ ಕಳೆದರು. ಓಟದ ಬಗ್ಗೆ ಕೇಳಿ ಬಂದವರಿಗೆಲ್ಲ ಹೇಳಿಕೊಡುತ್ತಾ 1959ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಅವರ ಕಾಲಿನ ಶಕ್ತಿಯ ಬಗ್ಗೆ ನನಗೆ ಇರುವ ಗೌರವ ಅವರ ದೂರಿನ ಬಗ್ಗೆ ಇಲ್ಲ. 1913ರ ಭೂ ಕಾಯಿದೆ ದೇಶದ ಬಹುಸಂಖ್ಯಾತ ಕಪ್ಪು ಜನರನ್ನು ನೆಲದ ಒಂದು ಸಣ್ಣ ಚೂರಿಗೆ ತಳ್ಳಿತ್ತು. ಬಿಳಿಯ ರೈತನೊಬ್ಬ ತನ್ನ ನಷ್ಟಕ್ಕೆ ಪತ್ರಿಕೆಯ ಗಮನ ಸೆಳೆಯಲು ಓಡಬಹುದಿತ್ತು. ನೆಲ ಕಳೆದುಕೊಂಡ ಜುಲು ರೈತನಿಗೆ ಅದೇ ಓಟದಲ್ಲಿ ನಿಲ್ಲಲು ಜಾಗವಿರಲಿಲ್ಲ. ನ್ಯೂಟನ್ ಅವರ ಕಥೆ ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು.

ಬಿಲ್ ಪೇನ್ ಕಥೆ ನಿಜವೇ? ರಗ್ಬಿ ಬೂಟು ಹಾಕಿ ಓಡಿದರಂತೆ?

ನಿಜ. ಪೇನ್ ಡರ್ಬನ್ ಹೈಸ್ಕೂಲಿನಲ್ಲಿ ಮೇಷ್ಟ್ರು, ದೊಡ್ಡ ಆಳು, ರಗ್ಬಿಯಲ್ಲಿ ಹೆಸರುವಾಸಿ. ಮುಂದೆ 1924ರಲ್ಲಿ ದಕ್ಷಿಣ ಆಫ್ರಿಕಾ ತಂಡಕ್ಕೂ ಆಡಿದರು. 1922ರ ಓಟದ ಹಿಂದಿನ ರಾತ್ರಿ ನ್ಯೂಟನ್ ಉಳಿದುಕೊಂಡಿದ್ದದ್ದು ಇವರ ಮನೆಯಲ್ಲಿ. ಮಾತಿಗೆ ಮಾತು ಬೆಳೆದು, ನೀವೂ ಬನ್ನಿ ಅನ್ನುವಲ್ಲಿಗೆ ಬಂತು. ತರಬೇತಿ ಸೊನ್ನೆ. ಓಡುವ ಬೂಟೂ ಇಲ್ಲ. ಬೆಳಿಗ್ಗೆ ರಗ್ಬಿ ಬೂಟು ಕಟ್ಟಿಕೊಂಡು ಹೊರಟೇಬಿಟ್ಟರು.

ದಾರಿಯಲ್ಲಿ ಅವರು ಓಡಿದ್ದಕ್ಕಿಂತ ತಿಂದದ್ದೇ ಹೆಚ್ಚು ಪ್ರಸಿದ್ಧ. ಹಿಲ್‌ಕ್ರೆಸ್ಟ್ ಎಂಬಲ್ಲಿ ಕೂತು ಮೊಟ್ಟೆ, ಬೇಕನ್ ತಿಂದರು. ಮುಂದೆ ಕೋಳಿ ಸಾರು. (ನಟಾಲಿನಲ್ಲಿ ಸಾರು ಅಂದಮೇಲೆ ಅದರ ಹಿಂದೆ ಭಾರತದಿಂದ ಹೋದವರ ಕೈ ಇದ್ದೇ ಇರುತ್ತದೆ, 1860ರಿಂದ ಮದ್ರಾಸಿನ ಹಡಗುಗಳಲ್ಲಿ ಕಬ್ಬಿನ ಗದ್ದೆಗೆ ಹೋದ ಕೂಲಿಗಳು ಆ ಸೀಮೆಯ ಅಡುಗೆಯನ್ನೇ ಬದಲಿಸಿದರು.) ಆಮೇಲೆ ಕಿತ್ತಳೆ ಮೇಲೆ ಕಿತ್ತಳೆ. ಜೊತೆಗೆ ಓಡುತ್ತಿದ್ದ ಗೆಳೆಯನೊಬ್ಬನೊಂದಿಗೆ ದಾರಿಬದಿಯ ಹೋಟೆಲಿನಲ್ಲಿ ಬಿಯರ್. ಗೆಳೆಯ ಅಲ್ಲೇ ಸಾಕು ಅಂದ, ಪೇನ್ ಎದ್ದು ಹೊರಟರು. ಇನ್ನೂ ಮುಂದೆ ಹೆಂಗಸೊಬ್ಬರು ಮನೆಯಲ್ಲೇ ಇಳಿಸಿದ ಪೀಚ್ ಹಣ್ಣಿನ ಬ್ರಾಂದಿ ಕೊಟ್ಟರು. ಅದನ್ನೂ ಬೇಡ ಅನ್ನಲಿಲ್ಲ.

ಇಷ್ಟೆಲ್ಲ ಆಗಿ ಎಷ್ಟನೆಯವರಾದರು ಅಂದುಕೊಂಡಿರಿ? ಎಂಟನೆಯವರು. ಹನ್ನೊಂದು ಗಂಟೆಯೊಳಗೆ. ಮರುದಿನ ರಗ್ಬಿ ಪಂದ್ಯವೂ ಇತ್ತು. ಪಾದ ಪೂರ್ತಿ ಬೊಬ್ಬೆ ಎದ್ದು ಬೂಟು ಹಾಕಲು ಆಗದೆ ಕ್ಯಾನ್ವಾಸ್ ಬೂಟಿನಲ್ಲೇ ಆಡಿದರು. ಅದಾದ ಮೇಲೆ ಕಾಮ್ರೇಡ್ಸ್ ಕಡೆ ಅವರು ತಲೆ ಹಾಕಲಿಲ್ಲ.

ಇದನ್ನು ತಮಾಷೆಯ ಕಥೆಯಾಗಿ ಹೇಳುವುದು ರೂಢಿ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ದಾರಿಬದಿಯ ಜನ. ಗುರುತು ಪರಿಚಯ ಇಲ್ಲದವನು ಬೆವರು ಸುರಿಸಿಕೊಂಡು ಬಂದಾಗ ಕೂರಿಸಿ ಏನಾದರೂ ಕೊಡುವ ಅಭ್ಯಾಸ ಈ ಓಟಕ್ಕೆ ಎರಡನೆಯ ವರ್ಷದಲ್ಲೇ ಬಂದಿತ್ತು, ಇಂದಿಗೂ ಹೋಗಿಲ್ಲ.

ಮೊದಲ ಓಟಗಾರ್ತಿ ಯಾರು?

ಫ್ರಾನ್ಸಿಸ್ ಹೇವರ್ಡ್, 1923ರಲ್ಲಿ. ಅರ್ಜಿ ಹಾಕಿದರು; ಹೆಂಗಸರಿಗೆ ಪ್ರವೇಶವಿಲ್ಲ ಎಂದು ತಿರಸ್ಕರಿಸಿದರು. ಸರಿ, ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ರಸ್ತೆ ಎಲ್ಲರದ್ದು ಎಂಬಂತೆ ಅವರು ಓಡಿಯೇ ಓಡಿದರು. 11 ಗಂಟೆ 35 ನಿಮಿಷದಲ್ಲಿ ಡರ್ಬನ್ ಮುಟ್ಟಿದರು, 12 ಗಂಟೆಯ ಮಿತಿಯೊಳಗೆ. ಪದಕ ಕೊಡಲಿಲ್ಲ. ನೋಡುತ್ತಿದ್ದ ಜನರೂ ಜೊತೆಗೆ ಓಡಿದವರೂ ಸೇರಿ ಅವರಿಗೆ ಬೆಳ್ಳಿಯ ಚಹಾ ಪಾತ್ರೆಗಳ ಸೆಟ್ಟು ಮತ್ತು ಒಂದು ಹೂದಾನಿ ಕೊಟ್ಟರು. ನಿಯಮ ಹಿಡಿದು ಕೂತವರಿಗಿಂತ ರಸ್ತೆಬದಿಯಲ್ಲಿ ನಿಂತವರಿಗೆ ಎಷ್ಟು ಚೆನ್ನಾಗಿ ಅರ್ಥವಾಗಿತ್ತು ನೋಡಿ.

ನಂತರ ಜೆರಾಲ್ಡೀನ್ ವಾಟ್ಸನ್ ಬಂದರು. 1931ರಲ್ಲಿ ಬರೀ ಆರು ವಾರದ ತಯಾರಿಯಲ್ಲಿ ಓಡಿದರು, 1932ರಲ್ಲಿ ಮತ್ತೆ, 1933ರಲ್ಲಿ ಮತ್ತೆ. ಮೂರನೆಯ ಸಲ ಆರು ತಿಂಗಳು ಸರಿಯಾಗಿ ತಯಾರಾಗಿ 9 ಗಂಟೆ 31 ನಿಮಿಷದಲ್ಲಿ ಮುಗಿಸಿದರು. ಮೊದಲ ಓಟದಲ್ಲಿ ಎರಡನೆಯವರಾದ ಗಂಡಸಿನ ಸಮಯಕ್ಕಿಂತಲೂ ಇದು ಕಡಿಮೆ. ಹೆಂಗಸರ ದೇಹ ಇಷ್ಟು ದೂರ ತಾಳದು ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿತ್ತು. ಅದನ್ನು ಒಪ್ಪಿಕೊಳ್ಳಲು ಸಂಘಟಕರು ಇನ್ನೂ ನಲವತ್ತೆರಡು ವರ್ಷ ತೆಗೆದುಕೊಂಡರು.

ರಾಬರ್ಟ್ ಮ್ತ್ಶಾಲಿ ಯಾರು?

1935ರಲ್ಲಿ ಓಡಿದ ಕಪ್ಪು ಮನುಷ್ಯ. ಕಾಮ್ರೇಡ್ಸ್ ಮುಗಿಸಿದ ಮೊದಲ ಕಪ್ಪು ಓಟಗಾರ ಎಂದು ಇಂದು ಗುರುತಿಸುವುದು ಅವರನ್ನೇ. ಅವರ ಹೆಸರು ಅಂದಿನ ಅಧಿಕೃತ ಫಲಿತಾಂಶದಲ್ಲಿ ಇಲ್ಲ, ಯಾಕೆಂದರೆ ಸ್ಪರ್ಧೆ ಬಿಳಿಯ ಗಂಡಸರಿಗೆ ಮಾತ್ರ. ಆದರೂ ಓಡಿದರು, 9 ಗಂಟೆ 30 ನಿಮಿಷದಲ್ಲಿ ಮುಗಿಸಿದರು. ಆ ವರ್ಷ ನಗರಸಭೆಯ ಸದಸ್ಯ ರಾಬಿನ್ಸನ್ ಎಂಬವರು ಅವರಿಗೆ ಒಂದು ವಿಶೇಷ ಕಾಣಿಕೆ ಕೊಟ್ಟರು. ದಾಖಲೆಯಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಇಷ್ಟೇ.

ಇಷ್ಟೇ ಎಂಬುದೇ ನನ್ನನ್ನು ಕಾಡುತ್ತದೆ. ನ್ಯೂಟನ್ ಎಷ್ಟು ಮೈಲಿ ಓಡಿದರು, ಪೇನ್ ಏನೇನು ತಿಂದರು ಎಂಬುದೆಲ್ಲ ಊರಿಗೆ ಊರೇ ನೆನಪಿಟ್ಟುಕೊಂಡಿತು. ಮ್ತ್ಶಾಲಿ ದಾರಿಯಲ್ಲಿ ನೀರು ಕುಡಿದದ್ದು ಎಲ್ಲಿ, ಕೊಟ್ಟವರು ಯಾರು, ಯಾರಾದರೂ ಕೆಣಕಿದರೇ, ಚಪ್ಪಾಳೆ ತಟ್ಟಿದರೇ ಎಂದು ಬರೆದಿಡುವಷ್ಟು ಮುಖ್ಯ ಎಂದು ಯಾರಿಗೂ ಅನ್ನಿಸಲಿಲ್ಲ. ಮುಂದಿನ ದಶಕಗಳಲ್ಲೂ ಕಪ್ಪು ಓಟಗಾರರು ನಂಬರಿಲ್ಲದೆ ಓಡಿದರು, ಮುಗಿಸಿದರು, ಪದಕವಿಲ್ಲದೆ ಮನೆಗೆ ಹೋದರು.

ಸೈಕಲ್ ತುಳಿದುಕೊಂಡು ಬಂದು ಓಡಿದವರು ಯಾರು?

ಫಿಲ್ ಮಾಸ್ಟರ್‌ಟನ್-ಸ್ಮಿತ್. ನನ್ನ ಮನಸ್ಸಿಗೆ ಬಹಳ ಹತ್ತಿರದ ಹುಡುಗ. ಊರವರು ಅವನನ್ನು ಉನೋಗ್ವಾಜಾ ಎಂದು ಕರೆಯುತ್ತಿದ್ದರು. ಜುಲು ಭಾಷೆಯಲ್ಲಿ ಮೊಲ. 1930ರಲ್ಲಿ ಇನ್ನೂ ಹದಿನೆಂಟರ ಹುಡುಗ, 37 ಸೆಕೆಂಡಿನಲ್ಲಿ ಗೆಲುವು ಕೈತಪ್ಪಿತು. ಮರುವರ್ಷ ಮತ್ತೆ ಬಂದ. ಈ ಸಲ ಕೊನೆಯ ತನಕ ನೋಯೆಲ್ ಬುರೀ ಎಂಬವರ ಜೊತೆ ಹಣಾಹಣಿ. ಏಳು ಗಂಟೆಗೂ ಹೆಚ್ಚು ಹೊತ್ತು ಓಡಿದ ಮೇಲೆ ಇಬ್ಬರೂ ಒಟ್ಟಿಗೆ ಕೊನೆಯ ಗೆರೆಯ ಕಡೆ ನುಗ್ಗಿದರು. ಇವನು ಗೆದ್ದದ್ದು ಎರಡು ಮೀಟರ್ ಅಂತರದಲ್ಲಿ. ಹತ್ತೊಂಬತ್ತರ ವಯಸ್ಸಿಗೆ ಗೆದ್ದ ಇವನಿಗಿಂತ ಚಿಕ್ಕ ವಯಸ್ಸಿನಲ್ಲಿ ಈ ಓಟವನ್ನು ಯಾರೂ ಗೆದ್ದಿಲ್ಲ.

1933ಕ್ಕೆ ಅವನು ಕೇಪ್‌ಟೌನ್‌ನಲ್ಲಿದ್ದ. ಜಗತ್ತಿಗೇ ಆರ್ಥಿಕ ಮುಗ್ಗಟ್ಟು ಬಡಿದಿದ್ದ ಕಾಲ. ರೈಲಿನ ಟಿಕೆಟ್ಟಿಗೆ ಕಾಸಿರಲಿಲ್ಲ. ಅವನು ಸೈಕಲ್ ಹತ್ತಿದ. ಕೇಪ್‌ಟೌನಿನಿಂದ ಪೀಟರ್‌ಮಾರಿಟ್ಜ್‌ಬರ್ಗಿಗೆ 1,600 ಕಿ.ಮೀ.ಗೂ ಹೆಚ್ಚು. ಹತ್ತು ದಿನ ತುಳಿದು ಬಂದು, ಓಟಕ್ಕೆ ನಿಂತು, ಹತ್ತನೆಯವನಾಗಿ ಮುಗಿಸಿದ.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಉತ್ತರ ಆಫ್ರಿಕಾದ ಟೊಬ್ರುಕ್‌ನಲ್ಲಿ ಸತ್ತ. ಮೊದಲ ಯುದ್ಧದಲ್ಲಿ ಸತ್ತವರ ನೆನಪಿಗೆ ಹುಟ್ಟಿದ ಓಟದ ಕಿರಿಯ ವಿಜೇತನನ್ನು ಎರಡನೆಯ ಯುದ್ಧ ಒಯ್ದಿತು. 2011ರಿಂದ ಒಂದು ಗುಂಪು ಅವನ ಅಡ್ಡಹೆಸರಿನಲ್ಲೇ ಕೇಪ್‌ಟೌನಿನಿಂದ ಹತ್ತು ದಿನ ಸೈಕಲ್ ತುಳಿದು ಬಂದು, ಹನ್ನೊಂದನೆಯ ದಿನ ಕಾಮ್ರೇಡ್ಸ್ ಓಡುವ ಪದ್ಧತಿ ಇಟ್ಟುಕೊಂಡಿದೆ.

1930ರಲ್ಲಿ ಅವನನ್ನು ಸೋಲಿಸಿದವರು ಯಾರು?

ವಾಲಿ ಹೇವರ್ಡ್. ಆಗ ಇಪ್ಪತ್ತೊಂದು ವರ್ಷ. ಗೆದ್ದು, ಇಪ್ಪತ್ತು ವರ್ಷ ಈ ಓಟದ ಕಡೆ ಬರಲೇ ಇಲ್ಲ. ನಡುವೆ ಯುದ್ಧಕ್ಕೆ ಹೋಗಿ ಬಂದರು. 1950ರಲ್ಲಿ ನಲವತ್ತು ದಾಟಿದ ಮೇಲೆ ಮರಳಿ ಬಂದು ಮತ್ತೆ ನಾಲ್ಕು ಸಲ ಗೆದ್ದರು: 1950, 1951, 1953, 1954. ಆರು ಗಂಟೆಯೊಳಗೆ ಈ ದೂರ ಮುಗಿಸಿದ ಮೊದಲಿಗರು ಅವರೇ, 1953ರಲ್ಲಿ. ಅದೇ ವರ್ಷದ ಇಂಗ್ಲೆಂಡ್ ಪ್ರವಾಸದ ಖರ್ಚಿಗೆ ದೇಣಿಗೆ ತೆಗೆದುಕೊಂಡರು ಎಂಬ ಕಾರಣಕ್ಕೆ, 1954ರ ಗೆಲುವಿನ ನಂತರ, ಹವ್ಯಾಸಿ ಓಟದಿಂದ ಅವರನ್ನು ಎರಡು ದಶಕ ಹೊರಗಿಟ್ಟರು. ಊಟದ ಖರ್ಚು, ಹಡಗಿನ ಖರ್ಚು ಓಟಗಾರನೇ ಭರಿಸಲಿ ಎನ್ನುವ ನಿಯಮ ಹಣವಿದ್ದವರು ಮಾಡಿದ್ದು. ಅದರ ಪೆಟ್ಟು ಬಿದ್ದದ್ದು ದುಡಿದು ತಿನ್ನುವವರಿಗೆ.

1988ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಮತ್ತೆ ಬಂದು 9 ಗಂಟೆ 44 ನಿಮಿಷದಲ್ಲಿ ಮುಗಿಸಿದರು. ಅರ್ಧಕ್ಕರ್ಧ ಓಟಗಾರರು ಅವರ ಹಿಂದೆ ಬಂದರು. 1989ರಲ್ಲಿ ಎಂಬತ್ತು. ಆಗ ಮಿತಿ 11 ಗಂಟೆ. ಆ ಸಲ ಅವರಿಗೆ ನಿಜಕ್ಕೂ ಕಷ್ಟವಾಯಿತು. ಕೊನೆಯ ಕ್ರೀಡಾಂಗಣಕ್ಕೆ ತೂರಾಡುತ್ತಾ ಬಂದರು. ಗೆರೆ ದಾಟಿದಾಗ 10 ಗಂಟೆ 58 ನಿಮಿಷ 3 ಸೆಕೆಂಡ್. ಉಳಿದದ್ದು ಎರಡು ನಿಮಿಷವೂ ಇಲ್ಲ. ಅದೇ ದಿನ, ಅದೇ ಓಟದ ಮುಂಭಾಗದಲ್ಲಿ, ಸ್ಯಾಮ್ ತ್ಶಬಲಾಲ ಕಾಮ್ರೇಡ್ಸ್ ಗೆದ್ದ ಮೊದಲ ಕಪ್ಪು ಓಟಗಾರರಾದರು.

ಓಟ ಶುರುವಾಗುವ ಮೊದಲು ಕೋಳಿ ಕೂಗು ಯಾಕೆ ಹಾಕುತ್ತಾರೆ?

1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರರು ಹೊರಡುವ ಮುನ್ನ ಹುಮ್ಮಸ್ಸಿಗೆ ಹುಂಜದ ಹಾಗೆ ಗಟ್ಟಿಯಾಗಿ ಕೂಗಿದರು. ಜನರಿಗೆ ಹಿಡಿಸಿತು, ವರ್ಷ ವರ್ಷ ಕೂಗಿಸಿದರು. ಆಮೇಲೆ ಅವರ ದನಿಯನ್ನೇ ಮುದ್ರಿಸಿಟ್ಟುಕೊಂಡು ಹಾಕತೊಡಗಿದರು.

ಎಲ್ಲರಿಗೂ ಓಡಲು ಅವಕಾಶ ಸಿಕ್ಕಿದ್ದು ಯಾವಾಗ?

1975ರಲ್ಲಿ. ಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಓಟ ನಡೆದಿರಲಿಲ್ಲವಾದ್ದರಿಂದ ಅದು ಐವತ್ತನೆಯ ಓಟ. ಆ ವರ್ಷ ಹೆಂಗಸರಿಗೂ ಎಲ್ಲ ವರ್ಣದವರಿಗೂ ನಂಬರು ಕೊಟ್ಟರು. ವಿನ್ಸೆಂಟ್ ರಕಬೇಲೆ ಇಪ್ಪತ್ತನೆಯವರಾಗಿ ಮುಗಿಸಿ, ಅಧಿಕೃತವಾಗಿ ಪದಕ ಪಡೆದ ಮೊದಲ ಕಪ್ಪು ಓಟಗಾರರಾದರು. ಎಲಿಜಬೆತ್ ಕವನಾ ಅಧಿಕೃತ ಫಲಿತಾಂಶದಲ್ಲಿ ಹೆಸರು ಬಂದ ಹೆಂಗಸರಲ್ಲಿ ಮೊದಲಿಗರು. ವರ್ಣಭೇದದ ಸರ್ಕಾರ ಇನ್ನೂ ಗಟ್ಟಿಯಾಗಿ ಕೂತಿದ್ದ ಕಾಲ ಅದು. ಹೊರಜಗತ್ತು ದಕ್ಷಿಣ ಆಫ್ರಿಕಾದ ಕ್ರೀಡೆಗೆ ಬಹಿಷ್ಕಾರ ಹಾಕಿದ್ದೂ ಈ ಬದಲಾವಣೆಗೆ ಒಂದು ಕಾರಣ. ಬರೀ ಸಂಘಟಕರ ಔದಾರ್ಯ ಎಂದು ತಿಳಿಯಬೇಕಾಗಿಲ್ಲ.

ನಟಾಲಿನ ಭಾರತೀಯ ಮೂಲದವರಿಗೂ ಬಾಗಿಲು ತೆರೆದದ್ದು ಆಗಲೇ. 1893ರ ಜೂನ್ 7ರ ರಾತ್ರಿ ಮೋಹನದಾಸ ಗಾಂಧಿ ಅವರನ್ನು ಮೊದಲ ದರ್ಜೆಯ ಡಬ್ಬಿಯಿಂದ ಹೊರದೂಡಿದ್ದು ಇದೇ ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ. ನಮ್ಮವರು ಓಡಲು ಹೋದಾಗ ಆ ನಿಲ್ದಾಣಕ್ಕೂ ಹೋಗಿ ಬರುತ್ತಾರೆ. ಅದೇ ಊರಿನಿಂದ ಹೊರಡುತ್ತಿದ್ದ ಓಟಕ್ಕೆ ಆ ಊರಿನ ಭಾರತೀಯರು ಎಂಬತ್ತೆರಡು ವರ್ಷಗಳ ನಂತರವಷ್ಟೇ ಸೇರಿದರು ಎಂಬುದನ್ನೂ ಅಲ್ಲಿ ನಿಂತಾಗ ನೆನೆಯಬೇಕು.

ಪದಕಗಳಿಗೆ ಇವರದ್ದೇ ಹೆಸರು ಇದೆಯಂತೆ?

ಹೌದು, ಆ ಹೆಸರುಗಳನ್ನು ಇಟ್ಟ ಲೆಕ್ಕಾಚಾರ ಚೆನ್ನಾಗಿದೆ. ಏಳೂವರೆಯಿಂದ ಒಂಬತ್ತು ಗಂಟೆಯೊಳಗೆ ಮುಗಿಸಿದವರಿಗೆ ಬಿಲ್ ರೋವನ್ ಪದಕ. ಅವರು ಗೆದ್ದದ್ದು 8 ಗಂಟೆ 59 ನಿಮಿಷದಲ್ಲಿ ಅಲ್ಲವೇ. ಹನ್ನೊಂದರಿಂದ ಹನ್ನೆರಡು ಗಂಟೆಯ ನಡುವೆ ಬಂದವರಿಗೆ ವಿಕ್ ಕ್ಲಾಪಮ್ ಪದಕ, ಹನ್ನೆರಡು ಗಂಟೆ ಅವರು ಮೊದಲ ಓಟಕ್ಕೆ ಇಟ್ಟ ಮಿತಿ. 1928ರಲ್ಲಿ ಅದನ್ನು 11ಕ್ಕೆ ಇಳಿಸಿದ್ದರು, ಈ ಶತಮಾನದಲ್ಲಿ ಮತ್ತೆ 12ಕ್ಕೆ ತಂದರು. ಮೊದಲ ಹತ್ತರಲ್ಲಿ ಬರದಿದ್ದರೂ ಆರು ಗಂಟೆಯೊಳಗೆ ಮುಗಿಸಿದ ಗಂಡಸರಿಗೆ ವಾಲಿ ಹೇವರ್ಡ್ ಪದಕ.

2019ರಲ್ಲಿ ರಾಬರ್ಟ್ ಮ್ತ್ಶಾಲಿ ಪದಕ ಸೇರಿತು, ಒಂಬತ್ತರಿಂದ ಹತ್ತು ಗಂಟೆಯೊಳಗೆ ಬಂದವರಿಗೆ. 1935ರಲ್ಲಿ ಪಟ್ಟಿಗೆ ಸೇರಿಸದ ಆ 9 ಗಂಟೆ 30 ನಿಮಿಷ ಈಗ ಇದರ ನಟ್ಟನಡುವೆ ಕೂತಿದೆ. ತಡವಾಯಿತು, ಆದರೂ ಮಾಡಿದರು. ಅದಕ್ಕೆ ನಾನು ಕೃತಜ್ಞ. ಫ್ರಾನ್ಸಿಸ್ ಹೇವರ್ಡ್ ಹೆಸರಿನಲ್ಲೂ ಒಂದು ಪದಕ ಬರಬೇಕು ಎಂಬುದು ನನ್ನ ಆಸೆ.

ಓಡಲು ಹೋದರೆ ಈ ಜನರ ಗುರುತು ಏನಾದರೂ ನೋಡಬಹುದೇ?

ಎರಡು ಮೂರು ಜಾಗಗಳಿವೆ. ದಾರಿಯ ಅರ್ಧದಲ್ಲಿ ಡ್ರಮಂಡ್ ಎಂಬ ಊರು. ಅದರ ಹತ್ತಿರ ರಸ್ತೆಬದಿಯ ದಿಬ್ಬದಲ್ಲಿ ಕೊರೆದಂತೆ ಒಂದು ಕೂರುವ ಜಾಗ. ನ್ಯೂಟನ್ ತರಬೇತಿಯಲ್ಲಿ ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು ಎಂಬುದು ಪ್ರತೀತಿ. ಓಟಗಾರರು ಅಲ್ಲಿ ಒಂದು ಹೂವಿಟ್ಟು, ಆರ್ಥರ್ ಅವರಿಗೆ ಶುಭೋದಯ ಹೇಳಿ ಮುಂದೆ ಓಡುತ್ತಾರೆ; ಹಾಗೆ ಮಾಡಿದರೆ ಉಳಿದ ಅರ್ಧ ಚೆನ್ನಾಗಿ ಸಾಗುತ್ತದೆ ಎಂಬ ನಂಬಿಕೆ. ಹೂವು ಸಿಗದಿದ್ದರೆ ದಾರಿಬದಿಯ ಹುಲ್ಲಿನ ಎಸಳಾದರೂ ಆದೀತು. ಅಲ್ಲೇ ಸಮೀಪದಲ್ಲಿ ಮುಗಿಸಿದವರ ಹೆಸರಿನ ಫಲಕಗಳನ್ನು ಕೂರಿಸಿದ ಗೋಡೆಯೂ ಇದೆ.

ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿ ಸಂಘಟಕರ ಕಚೇರಿ ಇರುವ ಹಳೆಯ ಮನೆಯಲ್ಲೇ ವಸ್ತುಸಂಗ್ರಹಾಲಯ ಇದೆ. ಹಳೆಯ ಚಿತ್ರಗಳು, ಪದಕಗಳು, ದಾಖಲೆಗಳು ಅಲ್ಲಿವೆ. ಓಟದ ಮರುದಿನ ಹೋಗುವ ಯೋಚನೆ ಬೇಡ, ಮೆಟ್ಟಿಲು ಇಳಿಯಲೂ ಕಾಲು ಬರುವುದಿಲ್ಲ. ಎರಡು ದಿನ ಮೊದಲೇ ಹೋಗಿ, ಕ್ಲಾಪಮ್ ಮತ್ತು ರೋವನ್ ಅವರ ಚಿತ್ರಗಳನ್ನು ನೋಡಿದ ಮೇಲೆ ಅಲ್ಲಿನ ಸಿಬ್ಬಂದಿಯನ್ನು ಮ್ತ್ಶಾಲಿ, ಫ್ರಾನ್ಸಿಸ್ ಹೇವರ್ಡ್, ವಾಟ್ಸನ್ ಬಗ್ಗೆಯೂ ಕೇಳಿ. ಕೇಳುವವರು ಹೆಚ್ಚಿದಷ್ಟೂ ಹುಡುಕುವವರು ಹೆಚ್ಚುತ್ತಾರೆ.